ಸ್ವಂತ ಹೆಂಡತಿಯ ಜೊತೆ ಓಡಿಹೋದವನು

ಸುಳ್ಳು ಹೇಳುವವನು ಕಾಲಿನ ಅಳತೆ ನೋಡಿಕೊಂಡು ಹೇಳಬೇಕು. ದೊಡ್ಡದಾದರೆ ಜಾರುತ್ತದೆ, ಚಿಕ್ಕದಾದರೆ ಕಚ್ಚುತ್ತದೆ. ಲೋಕದಲ್ಲಿ ಬೇರೆ ಯಾರಿಗೆ ಇದು ಗೊತ್ತಿಲ್ಲದಿದ್ದರೂ ಸೈಜಣ್ಣನಿಗೆ ಗೊತ್ತಿರಬೇಕಿತ್ತು. ಏಕೆಂದರೆ ಅವನು ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದವನು.

ತಂದೆತಾಯಿ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಯಾರು ಎದುರಾದರೂ ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡಿ, ‘ಸೈಜು?’ ಅನ್ನುವುದು ಅಭ್ಯಾಸವಾಗಿ, ಆ ಮಾತೇ ಅವನಿಗೆ ಅಂಟಿಕೊಂಡಿತು. ಮದುವೆಯ ದಿನ ಮಾವ ಕೈ ಹಿಡಿದುಕೊಂಡು, ಮಗಳನ್ನು ಚೆನ್ನಾಗಿ ನೋಡಿಕೊಳ್ಳಪ್ಪ ಎಂದು ಕಣ್ಣೀರು ಹಾಕಿದಾಗ ಇವನು ತಲೆ ತಗ್ಗಿಸಿ ನಿಂತಿದ್ದ. ಎಷ್ಟು ವಿನಯವಂತ ಎಂದು ಬೀಗರೆಲ್ಲ ಮೆಚ್ಚಿಕೊಂಡರು. ಅವನು ಮೆಲ್ಲಗೆ ‘ಒಂಬತ್ತು’ ಅಂದದ್ದು ಪಕ್ಕದಲ್ಲಿದ್ದ ಹೆಂಡತಿಗೆ ಮಾತ್ರ ಕೇಳಿಸಿತ್ತು.

ಬೆಳಗಿನಿಂದ ಸಂಜೆಯವರೆಗೆ ಕಂಡಕಂಡವರ ಕಾಲ ಬಳಿ ಮೊಣಕಾಲೂರಿ ಕೂರುವವನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹುಟ್ಟುವುದು ಕಷ್ಟ. ಆ ಮಾತು ಅವನ ಬಾಯಿಂದ ಒಮ್ಮೆಯೂ ಹೊರಬಿದ್ದದ್ದಿಲ್ಲ. ಅದನ್ನು ಚೆನ್ನಾಗಿ ಬಳಸಿಕೊಂಡವನು ಅವನ ಸ್ವಂತ ಅಣ್ಣ.

ಅಣ್ಣ ವಿಮೆ ಮಾಡಿಸುವ ಏಜೆಂಟ್. ‘ನಾಳೆ ನಿಮಗೇನಾದ್ರೂ ಆದ್ರೆ?’ ಎಂದೇ ಅವನ ಎಲ್ಲ ಮಾತು ಶುರುವಾಗುತ್ತಿತ್ತು. ಹುಟ್ಟಿದ ಮಗುವನ್ನು ನೋಡಲು ಹೋದಾಗಲೂ ಹಾಗೆಯೇ ಅಂದು ಆ ಮನೆಯವರಿಂದ ಬಾಗಿಲು ಹಾಕಿಸಿಕೊಂಡು ಬಂದಿದ್ದ. ಅವನಿಗೀಗ ಒಂದು ಆಫೀಸು ಬೇಕಾಗಿತ್ತು. ಅಣ್ಣತಮ್ಮಂದಿರ ಎರಡು ಸಂಸಾರವೂ ಇದ್ದ ಮನೆಯ ಮುಂಭಾಗದ ಕೋಣೆಗೆ ಬೀದಿಯ ಕಡೆ ಒಂದು ಬಾಗಿಲು, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳಲು ಗಟ್ಟಿಯಾದ ಚಿಲಕ. ಆ ಕೋಣೆ ಸೈಜಣ್ಣ ಮತ್ತು ಅವನ ಹೆಂಡತಿಯದು. ನೀವಿಬ್ಬರೂ ನಡುಮನೆಯಲ್ಲಿ ಒಂದು ಪರದೆ ಕಟ್ಟಿಕೊಂಡು ಮಲಗಿದರಾಯಿತು, ಹೇಗಿದ್ದರೂ ಹಗಲೆಲ್ಲ ಮನೆಯಲ್ಲಿರುವುದಿಲ್ಲವಲ್ಲ ಎಂದು ಅಣ್ಣ ಕೇಳಿದ್ದ. ಸೈಜಣ್ಣ ಎಂದಿನಂತೆ ಆಗಲಿ ಅಣ್ಣ ಅಂದುಬಿಟ್ಟಿದ್ದ. ಹೆಂಡತಿಗೆ ಇನ್ನೂ ಹೇಳಿರಲಿಲ್ಲ.

ಹೇಳಲು ಧೈರ್ಯ ಬರದಿದ್ದದ್ದಕ್ಕೆ ಕಾರಣವಿತ್ತು. ಹೆಂಡತಿ ಬಸ್ ಕಂಡಕ್ಟರ್. ಅವಳ ಬಸ್ಸಿನಲ್ಲಿ ಸೂಜಿ ಇಡಲು ಜಾಗವಿಲ್ಲದಿದ್ದಾಗಲೂ ಅವಳು ‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಎಂದೇ ಕೂಗುವವಳು. ಜಾಗ ಇಲ್ಲ ಎಂಬ ಮಾತನ್ನು ನೌಕರಿಗೆ ಸೇರಿದ ಮೇಲೆ ಅವಳು ಆಡಿದ್ದೇ ಇಲ್ಲ. ಇಡೀ ದಿನ ನೂರು ಜನರ ಮೊಣಕೈ ತಿಂದು ಬರುವವಳಿಗೆ, ಸಂಜೆ ಆ ಕೋಣೆಯ ಚಿಲಕ ಹಾಕಿಕೊಂಡು, ಯಾರೂ ತಳ್ಳದ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂರುವುದೇ ಸ್ವರ್ಗ. ಅದನ್ನು ಕೊಟ್ಟುಬಿಟ್ಟೆ ಎಂದು ಹೇಳುವುದಕ್ಕಿಂತ ಚಲಿಸುವ ಬಸ್ಸಿನಿಂದ ಹಾರುವುದು ವಾಸಿ ಎಂದು ಸೈಜಣ್ಣ ದಿನ ದೂಡುತ್ತಿದ್ದ.

ಹೀಗಿರುವಾಗ ಒಂದು ದಿನ ಅಂಗಡಿಗೆ ಹಲ್ಲಿನ ಡಾಕ್ಟರರೊಬ್ಬರು ಬಂದರು.

ಆಳು ಕಂಬದಂತಿದ್ದರು. ಗುಡ್ಡ ಹತ್ತಿ ಓಡುವುದಕ್ಕೆ ಶೂ ಬೇಕೆಂದರು. ಅಂಥ ಶೂ ಅಂಗಡಿಯ ಮೇಲಟ್ಟದಲ್ಲಿ ಮಾರಾಟವಾಗದೆ ಎಷ್ಟೋ ಕಾಲದಿಂದ ಕೂತಿತ್ತು. ಟ್ರ್ಯಾಕ್ಟರಿನ ಟೈರನ್ನು ಕತ್ತರಿಸಿ ಅಂಟಿಸಿದಂಥ ಅಟ್ಟೆ. ಸೈಜಣ್ಣ ಏಣಿ ಹತ್ತಿ ಇಳಿಸಿದ. ಡಾಕ್ಟರರು ಹಾಕಿಕೊಂಡು, ಇಳಿಜಾರಿನಲ್ಲಿ ಇದು ಹಿಡಿಯುತ್ತದೆಯೇ ಎಂದು ಅನುಮಾನಪಟ್ಟರು. ಗಲ್ಲಾದಲ್ಲಿ ಕೂತಿದ್ದ ಮಾಲೀಕರು ಹುಬ್ಬು ಏರಿಸಿದರು. ಆ ಹುಬ್ಬಿನ ಅರ್ಥ ಸೈಜಣ್ಣನಿಗೆ ಗೊತ್ತು.

“ನಾನೂ ಓಡೋಕೆ ಇದೇ ಹಾಕೋದು ಸಾರ್” ಅಂದ.

ಅವನು ಕೊನೆಯ ಸಲ ಓಡಿದ್ದು ಹೆಂಡತಿಯ ಬಸ್ಸಿನ ಹಿಂದೆ, ಅವಳು ಮರೆತ ಊಟದ ಡಬ್ಬಿ ಹಿಡಿದುಕೊಂಡು. ಆ ಬಸ್ಸನ್ನೂ ಅವನಿಗೆ ಹಿಡಿಯಲಾಗಿರಲಿಲ್ಲ. ಆದರೆ ಡಾಕ್ಟರರು ಕಳೆದುಹೋಗಿದ್ದ ತಮ್ಮ ಸಿಕ್ಕಿದಂತೆ ಅವನ ಎರಡೂ ಕೈ ಹಿಡಿದುಕೊಂಡರು. ಬರುವ ತಿಂಗಳು ಊರಾಚೆಯ ಗುಡ್ಡಗಳಲ್ಲಿ ನಡೆಯುವ ಓಟದ ವ್ಯವಸ್ಥೆಯೆಲ್ಲ ಅವರದೇ ಆಗಿತ್ತು. ಅದರಲ್ಲಿ ಗಂಡಹೆಂಡಿರು ಜೋಡಿಯಾಗಿ ಓಡುವ ವಿಭಾಗವೂ ಇತ್ತು. ಅದಕ್ಕೇ ಜನ ಸಿಗುತ್ತಿಲ್ಲ. ಮದುವೆಯಾಗಿದೆಯೇ ಎಂದು ಕೇಳಿದರು. ಆಗಿದೆ ಅಂದ.

“ಮನೆಯವರು ಹೇಗೆ?”

“ಅವಳು ನನಗಿಂತ ಜೋರು ಸಾರ್.”

ಅವನು ಹೇಳಿದ್ದು ಬಾಯಿಯ ವಿಷಯ. ಡಾಕ್ಟರರು ತಿಳಿದದ್ದು ಕಾಲಿನ ವಿಷಯ. ಹಲ್ಲಿನ ಡಾಕ್ಟರರಾದರೂ ಬಾಯಿ ಬಿಟ್ಟು ಕಾಲಿಗೆ ಹೋದದ್ದು ಸೈಜಣ್ಣನ ದುರದೃಷ್ಟ. ಅವರು ಫೋನು ತೆಗೆದು, ಎಷ್ಟಕ್ಕೆ ಹಾಕಲಿ, ಹತ್ತಕ್ಕೋ ಐವತ್ತಕ್ಕೋ ಎಂದು ಕೇಳಿದರು. ಅವರ ತಲೆಯ ಹಿಂದೆ ಅಂಗಡಿಯ ರಿಯಾಯಿತಿ ಬೋರ್ಡು ತೂಗುತ್ತಿತ್ತು. ಹತ್ತು ಪರ್ಸೆಂಟು ಒಂದು ಕಡೆ, ಐವತ್ತು ಇನ್ನೊಂದು ಕಡೆ. ಓಟದ ಫೀಸಿಗೂ ರಿಯಾಯಿತಿ ಇದೆ, ಕೊಡುವ ದಿನ ದೇವರು ಕೈಹಿಡಿದು ಕೊಡುತ್ತಾನೆ ಎಂದುಕೊಂಡ ಸೈಜಣ್ಣ, ಐವತ್ತಕ್ಕೇ ಹಾಕಿ ಸಾರ್ ಅಂದ.

ಐವತ್ತು ಕಿಲೋಮೀಟರ್ ಎಂದು ಗೊತ್ತಾದಾಗ ಡಾಕ್ಟರರು ಹೋಗಿಯಾಗಿತ್ತು. ಮಾಲೀಕರು ಖುಷಿಯಲ್ಲಿ ತೇಲುತ್ತಿದ್ದರು. ಮೇಲಟ್ಟದಲ್ಲಿ ಉಳಿದಿದ್ದ ಎರಡು ಜೋಡಿಯನ್ನು ಗಂಡಹೆಂಡಿರಿಗೆ ಉಡುಗೊರೆಯಾಗಿ ಕೊಟ್ಟು, ಅದರ ಮೇಲೆ ಕೆಸರು ಮೆತ್ತಿಸಿಕೊಂಡು ಬರಬೇಕೆಂದು ಅಪ್ಪಣೆ ಮಾಡಿದರು. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು: ‘ನಮ್ಮ ಸೈಜಣ್ಣ ಓಡುತ್ತಾರೆ. ನೀವು?’

ಓದಿದವರೆಲ್ಲ ಒಳಗೆ ಬಂದು ಸೈಜಣ್ಣನ ಹೊಟ್ಟೆ ನೋಡಿ ಹೋದರು.

ಮನೆಯಲ್ಲಿ ಹೆಂಡತಿ ಶೂ ಡಬ್ಬಿಗಳನ್ನು ನೋಡಿ ಏನು ವಿಶೇಷ ಅಂದಳು. ಅವನು ಅಡ್ಡಾದಿಡ್ಡಿಯಾಗಿ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ, ಒಂದು ಹಲ್ಲು ಕೀಳುವಾಗ ಪಕ್ಕದ್ದೂ ಬಂದಂತೆ, ಕೋಣೆಯನ್ನು ಅಣ್ಣನಿಗೆ ಒಪ್ಪಿಸಿದ ಸಂಗತಿಯೂ ಹೊರಗೆ ಬಿತ್ತು.

ಅವಳು ಎದ್ದು ಹೋಗಿ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು. ಆಮೇಲೆ ಬಂದು ಕೂತು ಕೇಳಿದ್ದು ಕೋಣೆಯ ವಿಷಯವಲ್ಲ.

“ನಾನು ಜೋರು ಅಂತ ಹೊರಗಿನವರ ಎದುರಿಗೆ ಹೇಳಿದ್ರಾ?”

“ಬಾಯಿತಪ್ಪಿ ಬಂತು.”

“ನಿಮಗಿಂತ ಜೋರು ಅಂತಾನಾ?”

“ಹೂಂ. ಓನರ್ ಎದುರಿಗೇ.”

“ಹಂಗಾದ್ರೆ ಓಡೋಣ” ಅಂದಳು. “ನನ್ನ ಬಸ್ಸಿನ ಒಂದು ಟ್ರಿಪ್ಪು ಐವತ್ತು ಕಿಲೋಮೀಟರೇ. ದಿನಾ ನಿಂತ್ಕೊಂಡು ಹೋಗ್ತೀನಿ, ಒಂದಿನ ಓಡ್ಕೊಂಡು ಹೋಗ್ತೀನಿ. ಅದು ಮುಗಿಸಿ ಬಂದ್ಮೇಲೆ ಈ ಕೋಣೆ ವಿಷಯ ನಿಮ್ಮಣ್ಣನ ಹತ್ರ ನೀವೇ ಮಾತಾಡ್ಬೇಕು. ಆಗಲ್ಲ ಅನ್ನೋದು ಮೂರೇ ಅಕ್ಷರ. ಕಲ್ತ್ಕೊಳ್ಳಿ.”

ಅಲ್ಲಿಂದ ಅವರ ಅಭ್ಯಾಸ ಶುರುವಾಯಿತು. ಅಣ್ಣ ಏಳುವ ಮೊದಲು ಇಬ್ಬರೂ ಶೂ ಕೈಯಲ್ಲಿ ಹಿಡಿದು, ಬೀದಿ ಬಾಗಿಲಿನಿಂದ ಹೊರಬಿದ್ದು, ಬಸ್ ಡಿಪೋ ಹಿಂದಿನ ದಿಬ್ಬಕ್ಕೆ ಹೋಗುತ್ತಿದ್ದರು. ಮೊದಲ ದಿನ ದಿಬ್ಬದ ಬುಡದವರೆಗೆ ಓಡಿ, ದಿಬ್ಬಕ್ಕೆ ದೂರದಿಂದಲೇ ಕೈಮುಗಿದು ಆಟೋದಲ್ಲಿ ವಾಪಸಾದರು. ಆಮೇಲಾಮೇಲೆ ಆಟೋ ಖರ್ಚು ಕಡಿಮೆಯಾಯಿತು. ಸೈಜಣ್ಣ ಅಂಗಡಿಯಲ್ಲಿ ಯಾರೂ ಕೇಳದ ಶೂಗಳಿಗಾಗಿಯೂ ಏಣಿ ಹತ್ತತೊಡಗಿದ. ಹವಾಯಿ ಚಪ್ಪಲಿ ಕೇಳಿದವರಿಗೆ ಮೇಲಟ್ಟದಿಂದ ಗಂಬೂಟು ತಂದು ತೋರಿಸಿ, ಬೇಡ ಅನ್ನಿಸಿಕೊಂಡು, ಸಂತೋಷದಿಂದ ಮತ್ತೆ ಮೇಲಕ್ಕಿಟ್ಟು ಬರುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಒಂದು ಆರೋಗ್ಯದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಎದುರಿನ ಮನೆಯ ಜಗಲಿಯಲ್ಲಿ ಇಸ್ತ್ರಿ ಮಾಡುವವಳೊಬ್ಬಳಿದ್ದಳು. ಬೀದಿಯ ಬಟ್ಟೆಯೆಲ್ಲ ಅವಳ ಕೈಯಲ್ಲಿ, ಬೀದಿಯ ಸುದ್ದಿಯೆಲ್ಲ ಅವಳ ಬಾಯಲ್ಲಿ. ಬಟ್ಟೆಯ ಸುಕ್ಕು ತೆಗೆಯುವವಳು, ಸುದ್ದಿಗೆ ಮಾತ್ರ ಹೊಸ ಮಡಿಕೆ ಹಾಕಿಯೇ ಕಳಿಸುತ್ತಿದ್ದಳು. ಓಟಕ್ಕೆ ಒಂದು ವಾರ ಇರುವಾಗ, ಕಂಡಕ್ಟರ್ ಕಿಟಕಿಯ ಬಳಿ ನಿಂತು ತನ್ನ ಬಸ್ಸಿನ ಡ್ರೈವರ್ ಜೊತೆ ಫೋನಿನಲ್ಲಿ ಮಾತಾಡಿದ್ದು ಅವಳ ಕಿವಿಗೆ ಬಿತ್ತು.

“ಹೂಂ, ಭಾನುವಾರ ಬೆಳಿಗ್ಗೆ. ಗುಡ್ಡದ ತನಕ ನಿಮ್ಮ ಗಾಡಿ. ಅಲ್ಲಿಂದ ಓಡಿ ಹೋಗೋದು. ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ.”

ಈ ನುಡಿಯ ತೊಂದರೆಯೇ ಇದು. ‘ಓಡಿ ಹೋಗು’ ಎಂದು ನಡುವೆ ಒಂದಿಷ್ಟು ಜಾಗ ಬಿಟ್ಟು ಬರೆದರೆ ವ್ಯಾಯಾಮ. ಜಾಗ ಬಿಡದೆ ಬರೆದರೆ ಮಾನ ಹರಾಜು. ಬರೆಯುವಾಗಲಾದರೆ ಸರಿ, ಮಾತಾಡುವಾಗ ಜಾಗ ಬಿಡುವವರು ಯಾರು? ಅದರಲ್ಲೂ ಕಂಡಕ್ಟರುಗಳು.

ಮರುದಿನದ ಹೊತ್ತಿಗೆ ಕಂಡಕ್ಟರ್ ಡ್ರೈವರ್ ಜೊತೆ ಓಡಿಹೋಗುತ್ತಾಳೆ ಎಂಬ ಸುದ್ದಿ, ಇಸ್ತ್ರಿಯಾದ ಪ್ರತಿ ಷರ್ಟಿನ ಜೊತೆ ಮನೆಮನೆಗೂ ತಲುಪಿತು. ಬೀದಿಯವರ ಕರುಳು ಸೈಜಣ್ಣನಿಗಾಗಿ ಕಿತ್ತುಬಂತು. ಗೊತ್ತಿಲ್ಲದ ಬಡಪಾಯಿ, ಅವನಿಗೆ ಹೇಗೆ ಹೇಳುವುದು ಎಂದು ಎರಡು ದಿನ ಒದ್ದಾಡಿ, ಕೊನೆಗೆ ಹಿರಿಯಳೆಂದು ಇಸ್ತ್ರಿಯವಳೇ ಆ ಭಾರ ಹೊತ್ತಳು. ಅಂಗಡಿಗೆ ಹೋಗುತ್ತಿದ್ದವನನ್ನು ತಡೆದು ನಿಲ್ಲಿಸಿದಳು.

“ಸೈಜಣ್ಣಾ, ಭಾನುವಾರ ಅಂತೆ?”

“ಹೂಂ ಅಕ್ಕ, ಭಾನುವಾರ” ಅಂದ ಸೈಜಣ್ಣ.

“ನಿನಗೆ ಗೊತ್ತಾ?”

“ನಾನೇ ಅಲ್ವಾ ಹೆಸರು ಕೊಟ್ಟಿದ್ದು.”

ಇಸ್ತ್ರಿಯವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ಹಾಗೇ ನಿಂತಿತು. “ಅವಳು ಹೋಗ್ತಾಳೆ. ನೀನು?”

“ನಾನೂ ಜೊತೇಲೇ ಓಡಿ ಹೋಗ್ತೀನಿ. ಒಬ್ಬರೇ ಹೋದ್ರೆ ಅವರು ಒಪ್ಪಲ್ಲ.”

“ಮತ್ತೆ ಡ್ರೈವರು?”

“ಅವನು ಗುಡ್ಡದ ತನಕ ಬಿಟ್ಟು ವಾಪಸ್ ಬರ್ತಾನೆ. ಪಾಪ, ಅವನಿಗೆ ಮಂಡಿ ನೋವು.”

ಪ್ಯಾಂಟು ಸುಟ್ಟ ವಾಸನೆ ಬಂದ ಮೇಲೆಯೇ ಇಸ್ತ್ರಿಯವಳು ಪೆಟ್ಟಿಗೆ ಎತ್ತಿದಳು.

ಆಮೇಲೆ ಸುದ್ದಿ ಹೊಸ ಮಡಿಕೆಯಲ್ಲಿ ಹೊರಟಿತು. ಇಬ್ಬರೂ ಓಡಿಹೋಗುತ್ತಿದ್ದಾರೆ. ಗಂಡನ ಜೊತೆ ಹೆಂಡತಿ ಓಡಿಹೋಗುವುದೆಂದರೆ ಸಾಮಾನ್ಯ ಸಂಗತಿಯಲ್ಲ, ಇದರ ಹಿಂದೆ ಏನೋ ಭಾರಿ ಅಪರಾಧವೇ ಇರಬೇಕು ಎಂದು ಬೀದಿ ತೀರ್ಮಾನಿಸಿತು. ತೀರ್ಮಾನವಾದ ಮೇಲೆ ಜನ ವ್ಯವಹಾರಕ್ಕಿಳಿದರು. ಪಕ್ಕದ ಮನೆಯವರು ಬಂದು ಸೀಲಿಂಗ್ ಫ್ಯಾನನ್ನು ತಲೆಯೆತ್ತಿ ನೋಡಿ, ಇದನ್ನು ತೆಗೆದುಕೊಂಡು ಹೋಗುವುದು ಕಷ್ಟವಲ್ಲವೇ ಎಂದು ವಿಚಾರಿಸಿದರು. ಅತ್ತಿಗೆ ಬೀರುವಿನ ಅಗಲವನ್ನು ಮೊಳದಲ್ಲಿ ಅಳೆದಳು. ದೂರದ ಸೋದರತ್ತೆ ಫೋನು ಮಾಡಿ, ಎಲ್ಲಿದ್ದರೂ ಸುಖವಾಗಿರಿ, ಆದರೆ ನಮ್ಮ ಕಡೆ ಬರಬೇಡಿ ಎಂದು ಹರಸಿದಳು. ಓಟದ ಸುದ್ದಿ ಎಲ್ಲರಿಗೂ ಗೊತ್ತಾಗಿ ಎಲ್ಲರೂ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ ಸೈಜಣ್ಣ ಎಲ್ಲರಿಗೂ ನಕ್ಕು ಥ್ಯಾಂಕ್ಸ್ ಹೇಳಿದ. ಅದು ಇನ್ನಷ್ಟು ಅನುಮಾನಕ್ಕೆ ಎಡೆಯಾಯಿತು.

ಶುಕ್ರವಾರ ಅಂಗಡಿಗೆ ಪೊಲೀಸಿನವರೊಬ್ಬರು ಬಂದರು. ಸೈಜಣ್ಣ ಅಭ್ಯಾಸದಂತೆ ಬೂಟು ನೋಡಿ ‘ಹತ್ತು’ ಅಂದ. ಅವರು ಸ್ಟೂಲಿನ ಮೇಲೆ ಕೂತು, ಭಾನುವಾರ ಓಡಿಹೋಗುವುದು ನಿಜವೇ ಎಂದು ಗದರಿಸಿದರು. ನಿಜ ಅಂದ. ಯಾರ ಹೆಂಡತಿಯ ಜೊತೆ ಎಂದು ಕೇಳಿದರು.

“ನನ್ನ ಹೆಂಡತಿ ಜೊತೆ ಸಾರ್.”

ಪೊಲೀಸಿನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಓಡಿಹೋದವರನ್ನು ಎಷ್ಟೋ ಸಲ ಹಿಡಿದು ತಂದಿದ್ದೇನೆ, ಕಟ್ಟಿಕೊಂಡವಳ ಜೊತೆ ಓಡಿಹೋದವನನ್ನು ಮಾತ್ರ ಕಂಡಿಲ್ಲ, ಇದಕ್ಕೆ ಯಾವ ಸೆಕ್ಷನ್ನು ಹಾಕಬೇಕೋ ಗೊತ್ತಾಗುತ್ತಿಲ್ಲ ಅಂದರು. ಮಾಲೀಕರು ಗಲ್ಲಾದಿಂದ ಎದ್ದು ಬಂದು, ಹೊರಗಿನ ಬೋರ್ಡು ತೋರಿಸಿ, ವಿಷಯ ಬಿಡಿಸಿ ಹೇಳಿದರು. ಪೊಲೀಸಿನವರಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾಯಿತು. ಬಂದದ್ದಕ್ಕೆ ಬೂಟಿನ ಲೇಸು ಬದಲಾಯಿಸಿಕೊಂಡು ಹೋದರು.

ನಿಜ ಸಂಗತಿ ಬೀದಿಗೆ ತಿಳಿದಾಗ ಬೀದಿಗೂ ಅದೇ ಬೇಸರ. ಬೀರು ಕೈತಪ್ಪಿದ ಅತ್ತಿಗೆ ಊಟ ಬಡಿಸುವಾಗ ಪಾತ್ರೆ ಕುಕ್ಕಿದಳು. ಎಲ್ಲರಿಗಿಂತ ಹೆಚ್ಚು ಕೆರಳಿದವನು ಅಣ್ಣ. ಅವನು ಸುದ್ದಿ ನಂಬಿ ಆಫೀಸಿನ ಬೋರ್ಡು ಬರೆಸಿ ತಂದಿದ್ದ. ಸೋಮವಾರ ಬೆಳಿಗ್ಗೆ ಉದ್ಘಾಟನೆಗೆಂದು ಮೇಲಧಿಕಾರಿಯನ್ನೂ ಕರೆದಿದ್ದ. ಶನಿವಾರ ಸಂಜೆ ಬೀದಿ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ತಮ್ಮನಿಗೆ ಬುದ್ಧಿ ಹೇಳಿದ. ಗುಡ್ಡ ಅಂದರೇನು, ಕಲ್ಲು ಅಂದರೇನು, ವಿಮಾ ಏಜೆಂಟಿನ ತಮ್ಮನೇ ಜಾರಿ ಬಿದ್ದು ಸತ್ತರೆ ಕಂಪನಿಯಲ್ಲಿ ತನ್ನ ಮರ್ಯಾದೆ ಏನಾಗಬೇಕು ಎಂದು ಕೇಳಿದ. ಸೈಜಣ್ಣ ಅಣ್ಣನ ಕಾಲು ನೋಡುತ್ತಾ ನಿಂತಿದ್ದ.

ಕೊನೆಗೆ ಕಂಡಕ್ಟರೇ ಬಾಗಿಲಿಗೆ ಬಂದಳು.

“ಭಾವ, ಓಟ ಮುಗಿಸಿ ಬಂದ್ರೆ?”

“ಮುಗಿಸಿ ಬಂದ್ರೆ ಕೋಣೆ ನೀವೇ ಇಟ್ಕೊಳ್ಳಿ” ಎಂದು ಅಣ್ಣ ನಕ್ಕ. “ಮುಗಿಸ್ದೆ ಬಂದ್ರೆ ನಡುಮನೇಲಿ ಪರದೆ.”

“ಎಲ್ಲರೂ ಕೇಳಿಸ್ಕೊಂಡ್ರಾ?” ಎಂದು ಅವಳು ಬೀದಿಯ ಕಡೆ ತಿರುಗಿದಳು. ಬೀದಿ ಕೇಳಿಸಿಕೊಂಡಿತ್ತು. ಇಸ್ತ್ರಿಯವಳು ಎರಡು ಕಿವಿಯಲ್ಲೂ.

ಭಾನುವಾರ ಗುಡ್ಡದ ಬುಡದಲ್ಲಿ ಹಲ್ಲಿನ ಡಾಕ್ಟರರು ಮೈಕು ಹಿಡಿದು ನಿಯಮ ಹೇಳಿದರು. ಎರಡು ಗುಡ್ಡ ದಾಟಬೇಕು. ಜೋಡಿಯವರು ಕೈ ಹಿಡಿದುಕೊಂಡೇ ಕೊನೆಯ ಗೆರೆ ದಾಟಬೇಕು, ಒಬ್ಬರು ಕೂತರೆ ಇಬ್ಬರೂ ಕೂತಂತೆ. ಎಲ್ಲರಿಗಿಂತ ಹಿಂದೆ ಇಬ್ಬರು ನರ್ಸುಗಳು ಬರುತ್ತಾರೆ. ಕೈಲಾಗದೆ ಕೂತವರನ್ನು ಅವರು ಎತ್ತಿಕೊಂಡು ಬರುತ್ತಾರೆ. ಆ ನರ್ಸುಗಳು ಗೆರೆ ಮುಟ್ಟಿದ ಕೂಡಲೇ ಓಟ ಮುಗಿದಂತೆ, ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ನರ್ಸುಗಳಿಬ್ಬರೂ ಆಗಲೇ ಸೈಜಣ್ಣನನ್ನು ಮೇಲಿನಿಂದ ಕೆಳಗೆ ನೋಡಿ, ಮಡಚಿದ ಹೊದಿಕೆಯ ಅಳತೆ ಸಾಕಾಗುತ್ತದೆಯೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಓಟ ಶುರುವಾಯಿತು. ಮೊದಲ ಕಾಲುದಾರಿ ಎಷ್ಟು ಕಿರಿದಾಗಿತ್ತೆಂದರೆ ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಸಿಕ್ಕಿಕೊಂಡು ನಿಂತರು. ಕಂಡಕ್ಟರಿಗೆ ಅದು ತವರುಮನೆಗೆ ಬಂದಂತಾಯಿತು.

“ಮುಂದೆ ನಡೀರಿ, ಮುಂದೆ ಖಾಲಿ ಇದೆ. ಮಧ್ಯ ನಿಲ್ಬೇಡಿ.”

ವರ್ಷಗಟ್ಟಲೆ ಓಡಿ ಪಳಗಿದವರೂ ಆ ದನಿಗೆ ಬೆಚ್ಚಿ, ಜೇಬಿನಲ್ಲಿ ಚಿಲ್ಲರೆ ತಡಕುತ್ತಾ ಮುಂದೆ ಸರಿದರು. ಸರಿದವರು ಸರಿದೇ ಹೋದರು. ಮೊದಲ ಗುಡ್ಡದ ನೆತ್ತಿ ಬರುವಷ್ಟರಲ್ಲಿ ಎಲ್ಲರೂ ಇವರನ್ನು ದಾಟಿದ್ದರು. ಸೈಜಣ್ಣ ದಾಟಿದವರ ಕಾಲು ನೋಡಿ ‘ಎಂಟು, ಎಡಗಡೆ ಸವೆದಿದೆ’ ಎಂದು ಗೊಣಗುತ್ತಾ ಹತ್ತಿದ. ಇಳಿಯುವಾಗ ಟ್ರ್ಯಾಕ್ಟರ್ ಅಟ್ಟೆ ನಿಜಕ್ಕೂ ಹಿಡಿಯಿತು. ತಾನು ಹೇಳಿದ ಸುಳ್ಳು ಸತ್ಯವಾದದ್ದಕ್ಕೆ ಅವನಿಗೆ ಅಲ್ಲೇ ಒಂದು ಕ್ಷಣ ಹೆಮ್ಮೆಯಾಗಿ, ಆ ಹೆಮ್ಮೆಯಲ್ಲೇ ಬೇರಿಗೆ ಎಡವಿ, ಪೊದೆಯೊಂದರಲ್ಲಿ ಕೂತ. ಕಂಡಕ್ಟರ್ ಒಂದು ಕೈ ಹಿಡಿದು ಎಳೆದಳು. ಮುಂದೆ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಶೂ ಡಬ್ಬಿಯಲ್ಲಿ ತುರುಕಿದ್ದ ತೆಳು ಕಾಗದವನ್ನು ಅವನು ಜೇಬಿನಲ್ಲಿ ತಂದಿದ್ದ. ಅದನ್ನು ಮೆತ್ತೆಯಂತೆ ಮಡಚಿ ಹಿಮ್ಮಡಿಗಿಟ್ಟ. ಇಡೀ ಜೀವನದಲ್ಲಿ ಅವನು ಮನಸಾರೆ ಮೊಣಕಾಲೂರಿದ್ದು ಅಲ್ಲೇ ಇರಬೇಕು. ಅವಳೂ ಅವನ ತಲೆಗೆ ಅಂಟಿದ್ದ ಪೊದೆಯ ಎಲೆಗಳನ್ನು ಆರಿಸಿ ತೆಗೆದಳು.

ಎರಡನೇ ಗುಡ್ಡದ ಬುಡದಲ್ಲಿ ಕಾಲುದಾರಿ ಒಂದು ಡಾಂಬರು ರಸ್ತೆಯನ್ನು ದಾಟುತ್ತಿತ್ತು. ಅಲ್ಲಿಗೆ ಬರುವ ಹೊತ್ತಿಗೆ ಇಬ್ಬರಿಗೂ ಕಾಲು ತಮ್ಮದೋ ಬಾಡಿಗೆಯದೋ ಗೊತ್ತಾಗುತ್ತಿರಲಿಲ್ಲ. ನರ್ಸುಗಳ ಮಾತು ಹಿಂದಿನ ತಿರುವಿನಲ್ಲೇ ಕೇಳಿಸುತ್ತಿತ್ತು. ರಸ್ತೆಯ ಮೇಲೆ ಒಂದು ಕಾರು ನಿಂತಿತ್ತು. ಅದಕ್ಕೆ ಒರಗಿಕೊಂಡು ಅಣ್ಣ ನಿಂತಿದ್ದ.

ಕಾರಿನ ಬಾಗಿಲು ತೆರೆದೇ ಇತ್ತು. ಒಳಗೆ ಮೆತ್ತನೆ ಸೀಟು, ನೀರಿನ ಬಾಟಲಿ. ಅಣ್ಣ ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ಸಾಕು ಬಾರೋ ತಮ್ಮಾ, ಯಾರೂ ನಗುವುದಿಲ್ಲ, ಸಾಮಾನನ್ನೆಲ್ಲ ನಿಮ್ಮತ್ತಿಗೆ ಬೆಳಿಗ್ಗೆಯೇ ನಡುಮನೆಗೆ ಹಾಕಿಸಿದ್ದಾಳೆ, ಬಂದು ಮಲಗಿದರಾಯಿತು ಎಂದು ಪ್ರೀತಿಯಿಂದ ಕರೆದ. ಸೈಜಣ್ಣ ಸೀಟನ್ನು ನೋಡಿದ. ಅವನ ಬಾಯಲ್ಲಿ ‘ಆಗಲಿ’ ಎಂಬುದು ಅರ್ಧದವರೆಗೆ ಬಂದಿತ್ತು. ಕಂಡಕ್ಟರ್ ಅವನ ಕೈ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಸುಮ್ಮನೆ ನಿಂತಳು. ಬಾಯಿ ಜೋರಿನವಳು ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಗದ್ದಲ ಬೇರೆ ಇಲ್ಲ. ಸೈಜಣ್ಣ ಬಾಯಿಗೆ ಬಂದದ್ದನ್ನು ನುಂಗಿ, ರಸ್ತೆ ದಾಟಿ, ಗುಡ್ಡ ಹತ್ತತೊಡಗಿದ.

ಅಣ್ಣನಿಗೆ ಇದು ಹೊಸದು. ಅವನು ಕಾರು ಅಲ್ಲೇ ಬಿಟ್ಟು ಹಿಂದೆಯೇ ಬಂದ. ನಾಳೆ ನಿನಗೇನಾದ್ರೂ ಆದ್ರೆ ಎಂದು ಶುರುಮಾಡಿ, ಬೆನ್ನುಮೂಳೆ ಮುರಿತದಿಂದ ಹಿಡಿದು ಹಾವು ಕಡಿತದವರೆಗೆ ಒಂದೊಂದಾಗಿ ವಿವರಿಸುತ್ತಾ, ಏದುಸಿರು ಬಿಡುತ್ತಾ, ನುಣ್ಣನೆಯ ಚರ್ಮದ ಚಪ್ಪಲಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಾರುತ್ತಾ ಗುಡ್ಡದ ಮುಕ್ಕಾಲು ಪಾಲು ಹತ್ತಿದ. ಅಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಬಂತು.

“ಲೋ ತಮ್ಮಾ, ನೋಡೋ ಇದನ್ನ.”

ಸೈಜಣ್ಣ ತಿರುಗಿ ನೋಡಿದ. ನೋಡಿದ ಮೇಲೆ ಅವನ ಮೊಣಕಾಲು ಅವನ ಮಾತು ಕೇಳಲಿಲ್ಲ, ತಾನಾಗಿಯೇ ಮಡಚಿತು. ನೆಲಕ್ಕೆ ಕೂತು, ಕಿತ್ತ ಚಪ್ಪಲಿಯನ್ನು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡತೊಡಗಿದ. ಕೆಳಗೆ ನರ್ಸುಗಳ ಬಿಳಿ ಟೋಪಿ ಕಾಣಿಸುತ್ತಿತ್ತು. ಕಂಡಕ್ಟರ್ ಆಕಾಶ ನೋಡಿದಳು.

ಆಗ ಅಣ್ಣ ಒಂದು ಸಣ್ಣ ಕೆಲಸ ಮಾಡಿದ. ಇಂಥವರು ಯಾವಾಗಲೂ ಸಣ್ಣ ಕೆಲಸದಲ್ಲೇ ಸೋಲುತ್ತಾರೆ. ಬರಿಗಾಲನ್ನು ಎತ್ತಿ ತಮ್ಮನ ತೊಡೆಯ ಮೇಲಿಟ್ಟು, ಜೇಬಿನಿಂದ ಫೋನು ತೆಗೆದು, ಸೋಮವಾರದ ಉದ್ಘಾಟನೆಗೆ ಕುರ್ಚಿ ಎಷ್ಟು ಬೇಕು ಎಂದು ಯಾರಿಗೋ ಹೇಳತೊಡಗಿದ. ಅಂಗಡಿಗೆ ಬರುವ ಗಿರಾಕಿಗಳು ಹೀಗೆಯೇ ಕಾಲು ಕೊಟ್ಟು ಎತ್ತಲೋ ನೋಡುತ್ತಾರೆ. ಅವರಿಗಾದರೂ ಸೈಜಣ್ಣ ಯಾರೆಂದು ಗೊತ್ತಿರುವುದಿಲ್ಲ.

ಸೈಜಣ್ಣ ಆ ಕಾಲನ್ನು ಎರಡು ಕೈಯಲ್ಲಿ ಹಿಡಿದು, ಜೋಪಾನವಾಗಿ ನೆಲದ ಮೇಲಿಟ್ಟ. ಕಿತ್ತ ಚಪ್ಪಲಿಯನ್ನು ಅದರ ಜೊತೆಯದರ ಪಕ್ಕದಲ್ಲಿ, ಗಾಜಿನ ಕಪಾಟಿನಲ್ಲಿ ಇಡುವಂತೆ ನೇರವಾಗಿ ಜೋಡಿಸಿದ. ಎದ್ದು ನಿಂತ. ಎದ್ದು ನಿಂತರೆ ತಾನು ಅಣ್ಣನಿಗಿಂತ ಎತ್ತರ ಎಂಬುದು ಅವನಿಗೆ ಗೊತ್ತಾದದ್ದು ಅಲ್ಲಿ.

“ಅಣ್ಣ, ಇವತ್ತು ಅಂಗಡಿ ರಜೆ.”

ಅಣ್ಣ ಫೋನು ಇಳಿಸಿದ. “ಅಂದ್ರೆ?”

“ಅಂದ್ರೆ ಆಗಲ್ಲ. ಚಪ್ಪಲೀನೂ ಆಗಲ್ಲ, ಕೋಣೇನೂ ಆಗಲ್ಲ.”

ಕಂಡಕ್ಟರ್ ಪಕ್ಕದ ಬಂಡೆಗೆ ಅಂಗೈಯಿಂದ ಎರಡು ಬಾರಿ ಬಡಿದಳು, ಬಸ್ಸಿನ ಬದಿಗೆ ಬಡಿಯುವಂತೆ. “ರೈಟ್” ಅಂದಳು. ಸೈಜಣ್ಣ ಹೊರಟ.

ಒಂದು ಕಾಲಲ್ಲಿ ಚಪ್ಪಲಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಬಂಡೆಯ ಮೇಲೆ ಕೂತಿದ್ದ ಅಣ್ಣ ನರ್ಸುಗಳ ಕಣ್ಣಿಗೆ ಬಿದ್ದ. ಬೆಳಗಿನಿಂದ ಒಬ್ಬರೂ ಸಿಗದೆ ಅವರ ಕೈ ಕಡಿಯುತ್ತಿತ್ತು. ಒಬ್ಬಳು ನಾಡಿ ಹಿಡಿದಳು, ಇನ್ನೊಬ್ಬಳು ಹೊದಿಕೆ ಬಿಚ್ಚಿದಳು. ನಾನು ಓಡುವವನಲ್ಲ, ವಿಮೆಯವನು ಎಂದು ಅಣ್ಣ ಕೂಗಿಕೊಂಡ.

“ಸುಸ್ತಾದಾಗ ಎಲ್ಲರೂ ಹಿಂಗೇ ಏನೇನೋ ಮಾತಾಡ್ತಾರೆ” ಎಂದು ನರ್ಸು ಉಪ್ಪುನೀರನ್ನು ಅವನ ಬಾಯಿಗೆ ಹಿಡಿದಳು. “ಕುಡೀರಿ. ನಾಳೆ ನಿಮಗೇನಾದ್ರೂ ಆದ್ರೆ?”

ಆ ಮಾತನ್ನು ಬೇರೆಯವರ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಕುಡಿದ.

ಕೊನೆಯ ಗೆರೆಯಲ್ಲಿ ಬಹುಮಾನ ಹಂ‌ಚಿಯಾಗಿತ್ತು, ಜನ ಮನೆಗೆ ಹೋಗಿದ್ದರು, ಕೆಲಸದವರು ಗಾಳಿ ತುಂಬಿದ ದೊಡ್ಡ ಕಮಾನಿನ ಗಾಳಿ ಬಿಡುತ್ತಿದ್ದರು. ಅದು ಮೆಲ್ಲಗೆ ಕುಸಿಯುತ್ತಿದ್ದಾಗ ಸೈಜಣ್ಣ ಮತ್ತು ಕಂಡಕ್ಟರ್ ಕೈ ಹಿಡಿದುಕೊಂಡು ಅದರ ಕೆಳಗೆ ನುಗ್ಗಿದರು. ಕಮಾನು ಅವರ ಮೇಲೆ ಬಿತ್ತು. ಬಟ್ಟೆಯ ಅಡಿಯಲ್ಲಿ ಎರಡು ಗುಡ್ಡಗಳು ಗೆರೆಯ ಕಡೆ ತೆವಳುವುದನ್ನು ಹಲ್ಲಿನ ಡಾಕ್ಟರರು ಬಾಯಿ ಬಿಟ್ಟುಕೊಂಡು ನೋಡಿದರು. ಯಾರೋ, ಹೊತ್ತು ಮೀರಿದೆ, ಇದು ಲೆಕ್ಕಕ್ಕಿಲ್ಲ ಅಂದರು.

“ನರ್ಸುಗಳು ಬಂದ್ರಾ?” ಎಂದು ಬಟ್ಟೆಯೊಳಗಿಂದ ಕಂಡಕ್ಟರಿನ ದನಿ ಬಂತು.

ಬಂದಿರಲಿಲ್ಲ. ನಿಯಮ ಎಂದರೆ ನಿಯಮ. ಡಾಕ್ಟರರು ಮೈಕು ತೆಗೆದುಕೊಂಡು, ಜೋಡಿ ವಿಭಾಗದಲ್ಲಿ ಕೊನೆಯ ಜೋಡಿ ಓಟ ಮುಗಿಸಿದೆ ಎಂದು ಖಾಲಿ ಬಯಲಿಗೆ ಸಾರಿದರು. ಬಹಳ ಹೊತ್ತಿನ ಮೇಲೆ ನರ್ಸುಗಳು ಹೊದಿಕೆ ಸುತ್ತಿದ ಒಂದು ದೊಡ್ಡ ಮೂಟೆಯನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದರು. ಡಾಕ್ಟರರು ಮತ್ತೆ ಮೈಕು ಹಿಡಿದರು. ಈ ವರ್ಷ ಓಟವನ್ನು ಅರ್ಧಕ್ಕೇ ಬಿಟ್ಟವರು ಒಬ್ಬರೇ, ಅವರ ಧೈರ್ಯಕ್ಕೂ ಒಂದು ಚಪ್ಪಾಳೆ ಬರಲಿ ಅಂದರು. ಸೈಜಣ್ಣ ಮನಸಾರೆ ತಟ್ಟಿದ.

ಮನೆಗೆ ಬಂದಾಗ ಇಡೀ ಬೀದಿ ಹೊರಗಿತ್ತು. ಓಡಿಹೋದವರು ಬಂದರು ಎಂದು ಇಸ್ತ್ರಿಯವಳು ಸಾರಿದಳು. ಇಬ್ಬರೂ ನೇರವಾಗಿ ಒಳಗೆ ಹೋದರು. ಅತ್ತಿಗೆ ನೋಡುತ್ತಿದ್ದಂತೆಯೇ ಅಣ್ಣನ ಮೇಜನ್ನು ಎತ್ತಿ ನಡುಮನೆಗಿಟ್ಟು, ತಮ್ಮ ಹಾಸಿಗೆಯನ್ನು ಎತ್ತಿ ಕೋಣೆಗೆ ತಂದು, ಶೂ ಬಿಚ್ಚಿ ಬೀದಿಯ ಬಾಗಿಲ ಹೊರಗೆ ಇಟ್ಟು, ಎರಡೂ ಕಡೆ ಚಿಲಕ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಮೇಲಧಿಕಾರಿ ಹೂಗುಚ್ಛ ಹಿಡಿದು ಬಂದರು. ಒಂದು ಕಾಲಿಗೆ ಬ್ಯಾಂಡೇಜು ಸುತ್ತಿದ ಅಣ್ಣ ಕುಂಟುತ್ತಾ ಅವರನ್ನು ಬೀದಿಯ ಬಾಗಿಲಿಗೆ ಕರೆತಂದ. ಹೊಸ್ತಿಲ ಮುಂದೆ ಕೆಸರು ಮೆತ್ತಿದ ಎರಡು ಜೋಡಿ ಶೂ ಬಾಯಿ ತೆರೆದುಕೊಂಡು ಕೂತಿದ್ದವು. ಇದು ಆಫೀಸೋ ಚಪ್ಪಲಿ ಅಂಗಡಿಯೋ ಎಂದು ಅಧಿಕಾರಿ ಕೇಳಿದರು. ಅಣ್ಣ ಬಾಗಿಲು ತಟ್ಟಿದ. ಮತ್ತೆ ತಟ್ಟಿ, ತಮ್ಮಾ, ದೊಡ್ಡವರು ಬಂದಿದ್ದಾರೆ, ಬಾಗಿಲು ತೆಗಿ ಅಂದ. ಇಸ್ತ್ರಿಯವಳು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಿವಿ ನಿಮಿರಿಸಿದಳು.

ಒಳಗಿನಿಂದ ಕಂಡಕ್ಟರಿನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು.

“ಮುಂದೆ ಹೋಗಿ, ಮುಂದೆ ಹೋಗಿ. ಒಳಗೆ ಜಾಗ ಇಲ್ಲ.”

ಅದರ ಹಿಂದೆಯೇ ಬಾಗಿಲಿಗೆ ಒಳಗಿನಿಂದ ಯಾರೋ ಎರಡು ಸಲ ಬಡಿದರು. ಆ ಬಡಿತ ಅವಳದಲ್ಲ.

“ರೈಟ್” ಅಂದ ಸೈಜಣ್ಣ.